ಪದ ಉಂಟು, ಅರ್ಥ ಎಲ್ಲಿ?

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ಗ್ರಂಥಾಲಯದಲ್ಲಿ ಭಾನುವಾರ ಮಧ್ಯಾಹ್ನ ಆಡಿದ ಮಾತುಗಳ ಬರಹ ರೂಪ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಹೊರಗೆ ಸುಡುವ ಬಿಸಿಲು, ಒಳಗೆ ಎರಡೇ ಫ್ಯಾನು. ಅದರಲ್ಲಿ ಒಂದು ನನ್ನ ತಲೆಯ ಮೇಲೆಯೇ ಉಂಟು. ಹಾಗಾಗಿ ಮಾತು ಉದ್ದವಾದರೆ ಕಷ್ಟ ನಿಮಗೆ, ನನಗಲ್ಲ. ಅದು ನೆನಪಿಟ್ಟುಕೊಂಡೇ ಮಾತಾಡುತ್ತೇನೆ.

ಒಂದು ದೊಡ್ಡ ಸಿನಿಮಾವನ್ನು ನಾನು ಎರಡು ಸಲ ನೋಡಿದೆ. ಮೊದಲು ಕಾಸರಗೋಡಿನಲ್ಲಿ, ಮಲಯಾಳದಲ್ಲಿ. ಮುಂದಿನ ವಾರ ತಲಪಾಡಿಯ ಗಡಿ ದಾಟಿ ಮಂಗಳೂರಿನಲ್ಲಿ, ಕನ್ನಡದಲ್ಲಿ. ಮೊದಲನೆಯದು ನನ್ನ ಹಣೆಬರಹ, ಎರಡನೆಯದು ಅಕ್ಕನ ಮಗನ ಹಠ. ಎರಡನೇ ಸಲ ನಾನು ಕಣ್ಣು ಮುಚ್ಚಿ ಕೂತೆ. ಬರೀ ಸದ್ದು ಕೇಳಿಯೇ ಎಲ್ಲ ಗೊತ್ತಾಗುತ್ತಿತ್ತು. ಈಗ ಧೂಳಿನ ನಡುವೆ ಬೂಟು, ಈಗ ಬೆನ್ನು, ಈಗ ಮುಖ. ‘ಈಗ ಇಂಟರ್ವಲ್’ ಎಂದೆ. ಇಂಟರ್ವಲ್ ಬಂತು. ‘ಮಾವ, ಮೊದಲೇ ನೋಡಿದ್ದನ್ನು ಹೇಳುವುದು ಎಂತ ದೊಡ್ಡಸ್ತಿಕೆ?’ ಎಂದ ಅವನು. ನ್ಯಾಯವೇ. ಪಂಥ ಕಟ್ಟಿ ಇನ್ನೊಂದು ಸಿನಿಮಾಕ್ಕೆ ಕರೆದುಕೊಂಡು ಹೋದ. ಅದನ್ನು ನಾನು ನೋಡಿರಲಿಲ್ಲ. ಅಲ್ಲೂ ಹೇಳಿದೆ. ಐದು ನಿಮಿಷ ಆಚೀಚೆ ಆಯಿತು ಅಷ್ಟೆ.

ಇದರಲ್ಲಿ ನನ್ನ ಜಾಣತನ ಏನೂ ಇಲ್ಲ. ಇಲ್ಲಿ ಕೂತ ಯಾರು ಬೇಕಾದರೂ ಹೇಳಬಹುದು. ಹೀರೋ ಬರುವ ಮೊದಲು ಒಬ್ಬ ಮುದುಕ ಅವನ ಬಗ್ಗೆ ನಡುಗುತ್ತಾ ಹೇಳಬೇಕು. ಬಂದ ಮೇಲೆ ಹತ್ತು ಜನ ಗಾಳಿಯಲ್ಲಿ ಹಾರಬೇಕು. ಅಮ್ಮನ ನೆನಪು ಬರಬೇಕು, ಬಂದಾಗ ಬಣ್ಣ ಸ್ವಲ್ಪ ಹಳದಿಯಾಗಬೇಕು. ಅರ್ಧದಲ್ಲಿ ಒಂದು ದೊಡ್ಡ ಹೊಡೆತ, ಪರದೆ ಕಪ್ಪು, ಎಲ್ಲರೂ ಪಾಪ್‌ಕಾರ್ನ್‌ಗೆ. ಕೊನೆಯಲ್ಲಿ ಎಲ್ಲ ಮುಗಿಯಿತು ಅನ್ನುವಾಗ ಎರಡನೇ ಭಾಗಕ್ಕೆ ಒಂದು ಬಾಗಿಲು ತೆರೆದಿಡಬೇಕು. ಇದಕ್ಕೆ ಹುಡುಗರ ಹತ್ತಿರ ಒಳ್ಳೆಯ ಹೆಸರುಗಳೂ ಉಂಟು: ಬಿಲ್ಡಪ್, ಎಲಿವೇಷನ್, ಇಂಟರ್ವಲ್ ಬ್ಯಾಂಗ್.

ಇದನ್ನೆಲ್ಲ ಹೇಳಿ, ನಗಿಸಿ, ‘ಈಗಿನ ಸಿನಿಮಾ ಕೆಟ್ಟುಹೋಗಿದೆ’ ಎಂದು ಮುಗಿಸಿದರೆ ನಿಮಗೂ ಸುಲಭ, ನನಗೂ ಸುಲಭ. ಆದರೆ ಯಕ್ಷಗಾನದ ಊರಿನಲ್ಲಿ ನಿಂತು ಆ ಮಾತು ಹೇಳಲು ನನಗೆ ನಾಚಿಕೆಯಾಗುತ್ತದೆ. ಯಾಕೆಂದರೆ ನಮ್ಮದೂ ಅಚ್ಚೇ ಅಲ್ವಾ?

ಆಟ ಉಂಟೆಂದು ಸಾರುವ ಚೆಂಡೆ, ಅಂದರೆ ಕೇಳಿ, ಬಡಿಯುತ್ತಾರೆ. ಕೋಡಂಗಿ ಬರುತ್ತಾನೆ, ಬಾಲಗೋಪಾಲರು ಬರುತ್ತಾರೆ, ಸ್ತ್ರೀವೇಷ ಬರುತ್ತದೆ. ಆಮೇಲೆ ಪ್ರಸಂಗ, ಅಂದರೆ ಆ ರಾತ್ರಿಯ ಕಥೆ. ಬೆಳಗಾಗುವಾಗ ಮಂಗಳ. ಎಷ್ಟು ತಲೆಮಾರಿನಿಂದ ಇದೇ ಕ್ರಮ! ಎಂಟ್ರಿ ಎಂದು ಹುಡುಗರು ಹೇಳುತ್ತಾರಲ್ಲ, ದೇವಿಮಹಾತ್ಮೆಯ ಮಹಿಷಾಸುರನಿಗಿಂತ ದೊಡ್ಡ ಎಂಟ್ರಿ ಯಾರದ್ದು? ಅವನು ರಂಗಸ್ಥಳದಿಂದ ಬರುವವನಲ್ಲ. ನಡುರಾತ್ರಿ ಕಳೆದು, ಅರ್ಧ ಜನ ತೂಕಡಿಸುವಾಗ, ನಮ್ಮ ಬೆನ್ನ ಹಿಂದಿನ ಕತ್ತಲೆಯಿಂದ ಬರುತ್ತಾನೆ. ಎರಡೂ ಕಡೆ ದೊಂದಿ. ರಾಳ ಎರಚಿದ ಕೂಡಲೇ ಭಗ್ಗನೆ ಬೆಂಕಿ. ಮುಖದ ಮೇಲೆ ಗಂಟೆಗಟ್ಟಲೆ ಕೂತು ಇಟ್ಟ ಅಕ್ಕಿಹಿಟ್ಟಿನ ಚುಕ್ಕೆಗಳು, ಚಿಟ್ಟಿ. ಮಕ್ಕಳು ಅಳುತ್ತವೆ. ಕುರ್ಚಿ ಬೀಳುತ್ತದೆ. ಪ್ರತಿ ವರ್ಷ ಅದೇ ಮಹಿಷ, ಅದೇ ದಾರಿ, ಅದೇ ಬೊಬ್ಬೆ. ಆದರೂ ನಾವು ಮುಂದಿನ ವರ್ಷ ಹೋಗುತ್ತೇವೆ. ಅವನು ಸಾಯುತ್ತಾನೆ ಎಂದು ಗೊತ್ತಿದ್ದೇ ಹೋಗುತ್ತೇವೆ.

ಹಾಗಾದರೆ ಅಚ್ಚಿನ ಮೇಲೆ ದೂರು ಹೇಳುವ ಹಕ್ಕು ನಮಗೆ ಇಲ್ಲ. ವ್ಲಾದಿಮಿರ್ ಪ್ರಾಪ್ ಎಂಬ ರಷ್ಯಾದ ವಿದ್ವಾಂಸ 1928ರಲ್ಲಿ ನೂರು ಮಾಯಾಕಥೆಗಳನ್ನು ಬಿಡಿಸಿ ನೋಡಿ, ಎಲ್ಲದರ ಒಳಗೆ ಇರುವುದು ಒಟ್ಟು 31 ನಡೆಗಳು ಎಂದು ತೋರಿಸಿದ. ಅಜ್ಜಿ ಕಥೆಗೂ ಅಚ್ಚು ಉಂಟು. ಹಾಗಾದರೆ ಮಹಿಷನಿಗೆ ಕೂರುವ ನಾವು ಆ ಸಿನಿಮಾದಲ್ಲಿ ಯಾಕೆ ಆಕಳಿಸುತ್ತೇವೆ? ಇವತ್ತು ನಾನು ಅಗೆಯಬೇಕೆಂದಿರುವುದು ಇಷ್ಟೇ ಜಾಗ.

ಉತ್ತರ ನನಗೆ ಸಿಕ್ಕಿದ್ದು ಸಿನಿಮಾ ಥಿಯೇಟರಿನಲ್ಲಿ ಅಲ್ಲ, ಚಾಪೆಯ ಮೇಲೆ.

ಹತ್ತು ಹನ್ನೊಂದು ವರ್ಷ ಇರಬೇಕು ನನಗೆ. ಅಜ್ಜನ ಜೊತೆ ತಾಳಮದ್ದಳೆಗೆ ಹೋಗಿದ್ದೆ. ಪ್ರಸಂಗ ವಾಲಿವಧೆ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು, ಚೆಂಡೆ ಮದ್ದಳೆ, ಎದುರುಬದುರು ಕೂತು ಹಾಡಿದ ಪದಕ್ಕೆ ಮಾತಿನಲ್ಲಿ ಅರ್ಥ ಹೇಳುವ ಇಬ್ಬರು ಅರ್ಥಧಾರಿಗಳು, ಹೆಗಲ ಮೇಲೆ ಶಾಲು. ನನಗೆ ನಿದ್ದೆ ಬಂತು. ಎಚ್ಚರವಾದಾಗ ವಾಲಿಗೆ ಬಾಣ ಬಿದ್ದು ಎಷ್ಟೋ ಹೊತ್ತಾಗಿತ್ತು, ಆದರೆ ಅವನು ಸಾಯಲು ಸುತಾರಾಂ ಒಪ್ಪುತ್ತಿರಲಿಲ್ಲ. ಮಾತಾಡುತ್ತಲೇ ಇದ್ದ.

ಮರದ ಮರೆಯಲ್ಲಿ ನಿಂತು ಯಾಕೆ ಹೊಡೆದೆ ಎಂದು ವಾಲಿ ಕೇಳುವುದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡೆ, ಅದು ಅಧರ್ಮ ಎಂದು ರಾಮ ಹೇಳುವುದು, ಮೇಲಾಗಿ ನೀನು ಮೃಗ, ಮೃಗವನ್ನು ಬೇಟೆಯಾಡಲು ಕ್ಷತ್ರಿಯನಿಗೆ ತಪ್ಪಿಲ್ಲ ಎನ್ನುವುದು, ಇದೆಲ್ಲ ರಾಮಾಯಣದಲ್ಲೇ ಇರುವ ಮಾತು. ಸಭೆಯಲ್ಲಿ ಎಲ್ಲರಿಗೂ ಗೊತ್ತು. ರಾಮ ಅದನ್ನೇ ಚೆನ್ನಾಗಿ ಹೇಳಿದ. ಆಗ ವಾಲಿಯ ಅರ್ಥಧಾರಿ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಬದಿಗೆ ಸರಿಸಿ, ಮೆಲ್ಲ ಕೇಳಿದರು: ‘ಸರಿ, ನಾನು ಮೃಗ. ಮೃಗಕ್ಕೆ ತಮ್ಮನ ಹೆಂಡತಿ, ಅಣ್ಣನ ಹೆಂಡತಿ ಎಂಬ ಧರ್ಮ ಎಲ್ಲಿಂದ ಬಂತು? ಆ ಧರ್ಮ ನನಗೆ ಉಂಟು ಎಂದಾದರೆ ನಾನು ಮೃಗ ಅಲ್ಲ. ಹಾಗಾದರೆ ಎದುರು ಬಂದು ಹೊಡೆಯಬೇಕಿತ್ತು. ಎರಡರಲ್ಲಿ ಒಂದು ಹೇಳು.’

ಸಭೆ ಗಪ್‌ಚುಪ್. ರಾಮನ ಅರ್ಥಧಾರಿ ಕೆಳಗೆ ನೋಡಿದರು. ಭಾಗವತರ ಕೈಯಲ್ಲಿ ತಾಳ ಹಾಗೇ ನಿಂತಿತ್ತು. ರಾಮ ಒಂದು ಲೋಟ ನೀರು ಕೇಳಿದರು. ನೀರು ಬಂತು, ಕುಡಿದರು. ಆಮೇಲೆ ಏನು ಉತ್ತರ ಕೊಟ್ಟರೋ ನನಗೆ ನೆನಪಿಲ್ಲ. ಆ ನೀರಿನ ಲೋಟ ನೆನಪುಂಟು. ವಾಪಸು ಬರುವಾಗ ದಾರಿಯುದ್ದಕ್ಕೂ ಅಜ್ಜ ಮತ್ತು ನೆರೆಮನೆಯವರು ಜಗಳವಾಡಿದರು. ಇವತ್ತು ಗೆದ್ದದ್ದು ವಾಲಿಯೇ ಎಂದು ಅಜ್ಜ. ಸತ್ತವನು ಗೆಲ್ಲುವುದು ಹೇಗೆ ಎಂದು ಅವರು.

ನೋಡಿ, ಕಥೆ ಗೊತ್ತು. ಭಾಗವತರು ಹಾಡುವ ಪದ ಗೊತ್ತು. ಅದು ಪುಸ್ತಕದಲ್ಲಿ ಅಚ್ಚಾಗಿ ಉಂಟು. ರಾಮಾಯಣದ ಈ ಪ್ರಸಂಗಗಳನ್ನು ಬರೆದವನು ಎಂದು ನಾವು ನೆನೆಯುವ ಪಾರ್ತಿಸುಬ್ಬ ಇಲ್ಲೇ ಕುಂಬಳೆಯವನು. ಆದರೆ ಪದದ ನಂತರ ಬರುವ ಅರ್ಥ ಯಾರಿಗೂ ಗೊತ್ತಿಲ್ಲ. ಎದುರು ಕೂತವನಿಗೂ ಗೊತ್ತಿಲ್ಲ. ಅದು ಆ ರಾತ್ರಿ ಹುಟ್ಟಬೇಕು. ದೊಡ್ಡ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು ನಮ್ಮ ಈ ಕಡೆಯವರೇ. ಅವರನ್ನು ಜನ ಈಗಲೂ ನೆನೆಯುವುದು ರಾವಣ, ವಾಲಿಯಂಥವರ ಬಾಯಿಗೆ ಅವರು ಕೊಟ್ಟ ಮಾತಿಗಾಗಿ. ಸೋಲುವುದು ಖಂಡಿತ ಇರುವವನಿಗೆ ವಾದದಲ್ಲಿ ಸೋಲಬೇಕೆಂಬ ಕಾನೂನು ಇರಲಿಲ್ಲ.

ಅಚ್ಚು ಇರುವುದು ಕಟ್ಟಿಹಾಕಲಿಕ್ಕೆ ಎಂದು ನಾವು ಎಣಿಸುತ್ತೇವೆ. ಹಾಡಿ ಕಥೆ ಹೇಳುವವರನ್ನು ಹತ್ತಿರದಿಂದ ನೋಡಿದವರು ಬೇರೆಯೇ ಹೇಳುತ್ತಾರೆ. ಮಿಲ್ಮನ್ ಪ್ಯಾರಿ ಎಂಬ ಅಮೆರಿಕದ ವಿದ್ವಾಂಸ 1930ರ ದಶಕದಲ್ಲಿ ಯುಗೋಸ್ಲಾವಿಯದ ಹಾಡುಗಾರರನ್ನು ಧ್ವನಿಮುದ್ರಣ ಮಾಡಿಕೊಂಡ. ಅವರು ಬಾಯಿಪಾಠ ಒಪ್ಪಿಸುತ್ತಿರಲಿಲ್ಲ. ಸಿದ್ಧ ಸಾಲುಗಳನ್ನು ಕೈಯಲ್ಲಿಟ್ಟುಕೊಂಡು ಹಾಡುವಾಗಲೇ ಕಟ್ಟುತ್ತಿದ್ದರು. ಅಷ್ಟು ದೂರ ಯಾಕೆ? 1990ರ ಡಿಸೆಂಬರ್‌ನಲ್ಲಿ ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ ನಮ್ಮ ವಿದ್ವಾಂಸರಾದ ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ ಸೇರಿ ಗೋಪಾಲ ನಾಯ್ಕರಿಂದ ತುಳುವಿನ ಸಿರಿ ಕಾವ್ಯ ಹಾಡಿಸಿದರು. ಪುಸ್ತಕವಾಗಿ ಬಂದಾಗ 15,683 ಸಾಲು! ಒಬ್ಬ ಮನುಷ್ಯನ ಬಾಯಿಂದ, ಕಾಗದ ಇಲ್ಲದೆ. ಮದುವೆ ಎಂದರೆ ಒಂದು ಬಗೆಯ ಸಾಲು, ಪ್ರಯಾಣ ಎಂದರೆ ಇನ್ನೊಂದು ಬಗೆಯ ಸಾಲು, ಬೇಕಾದಲ್ಲಿ ಹಿಗ್ಗಿಸು, ಬೇಡವಾದಲ್ಲಿ ಕುಗ್ಗಿಸು. ಆ ಅಚ್ಚು ಇಲ್ಲದಿದ್ದರೆ ಅವರಿಗೆ ಅಷ್ಟು ಉದ್ದ ಹಾಡಲು ಸಾಧ್ಯವೇ ಇರಲಿಲ್ಲ.

ಈಗ ದೊಡ್ಡ ಸಿನಿಮಾಕ್ಕೆ ಬರೋಣ. ಅಲ್ಲಿ ಪದವೂ ನಿಶ್ಚಯ, ಅರ್ಥವೂ ನಿಶ್ಚಯ. ಹಾಲಿವುಡ್‌ನಲ್ಲಿ ಬ್ಲೇಕ್ ಸ್ನೈಡರ್ ಎಂಬವರು 2005ರಲ್ಲಿ ಚಿತ್ರಕಥೆ ಬರೆಯುವುದು ಹೇಗೆ ಎಂದು ಒಂದು ಪುಸ್ತಕ ತಂದರು. ಹೆಸರು ‘ಸೇವ್ ದ ಕ್ಯಾಟ್’. ಹೀರೋ ಆರಂಭದಲ್ಲೇ ಒಂದು ಬೆಕ್ಕನ್ನು ಉಳಿಸಬೇಕು, ಆಗ ಜನಕ್ಕೆ ಅವನು ಇಷ್ಟವಾಗುತ್ತಾನೆ ಎಂದು ಅದರ ತಾತ್ಪರ್ಯ. ನಮ್ಮಲ್ಲಿ ಬೆಕ್ಕಿನ ಜಾಗದಲ್ಲಿ ಅಜ್ಜಿ ಅಥವಾ ಬಸುರಿ ಹೆಂಗಸು. ಆ ಪುಸ್ತಕದಲ್ಲಿ 110 ಪುಟದ ಚಿತ್ರಕಥೆಗೆ 15 ಘಟ್ಟ ಉಂಟು, ಪುಟದ ಸಂಖ್ಯೆಯ ಸಮೇತ. 12ನೇ ಪುಟದಲ್ಲಿ ಹೀರೋನ ಬದುಕು ಅಲುಗಾಡುವ ಸುದ್ದಿ ಬರಬೇಕು. 75ನೇ ಪುಟದಲ್ಲಿ ಎಲ್ಲ ಮುಳುಗಬೇಕು, ಯಾರಾದರೂ ಸಾಯಬೇಕು, ಸಾಯದಿದ್ದರೆ ಸಾವಿನ ವಾಸನೆಯಾದರೂ ಬರಬೇಕು. ಪುಟಕ್ಕೆ ಒಂದು ನಿಮಿಷ ಎಂದು ಲೆಕ್ಕ. ಅಂದರೆ ಒಂದೂಕಾಲು ಗಂಟೆಗೆ ಸಾವು. ವಾಚು ನೋಡಿ ಸಾಯಬೇಕು ಪಾಪ.

ಆ ಲೇಖಕರನ್ನು ನಾನು ಬೈಯುವುದಿಲ್ಲ. ಹೊಸದಾಗಿ ಬರೆಯುವವರಿಗೆ ಅದು ಊರುಗೋಲು. ತೊಂದರೆ ಆಗುವುದು ಹಣ ಹಾಕುವವರ ಕೈಗೆ ಊರುಗೋಲು ಸಿಕ್ಕಿ, ಅವರು ಅದರಿಂದಲೇ ಅಳೆಯಲು ಶುರು ಮಾಡಿದಾಗ.

ಹಣದ ವಿಷಯ ಸ್ವಲ್ಪ ಹೇಳಬೇಕು. ನನ್ನ ಪ್ರಾಯದವರಿಗೆ ನೆನಪಿರಬಹುದು, ಮೊದಲು ಸಿನಿಮಾ ಬರುವುದು ಪೆಟ್ಟಿಗೆಯಲ್ಲಿ. ದೊಡ್ಡ ಪೇಟೆಯಲ್ಲಿ ಓಡಿ, ರೀಲು ಸವೆದು, ಗೀರು ಬಿದ್ದು, ಆಮೇಲೆ ನಮ್ಮ ಕಡೆಗೆ. ಅಷ್ಟರೊಳಗೆ ಚೆನ್ನಾಗಿದೆಯೋ ಇಲ್ಲವೋ ಎಂಬ ಸುದ್ದಿ ಬಾಯಿಂದ ಬಾಯಿಗೆ ಬಂದು ಮುಟ್ಟುತ್ತಿತ್ತು. ಅಮೆರಿಕದಲ್ಲೂ ಹೆಚ್ಚುಕಡಿಮೆ ಹಾಗೇ ಇತ್ತು. 1975ರ ಜೂನ್‌ನಲ್ಲಿ ಶಾರ್ಕ್ ಮೀನಿನ ಸಿನಿಮಾ ‘ಜಾಸ್’ ಬಂತು. ಟಿವಿಯಲ್ಲಿ ಜೋರು ಜಾಹೀರಾತು ಕೊಟ್ಟು 400ಕ್ಕೂ ಹೆಚ್ಚು ಥಿಯೇಟರ್‌ಗಳಲ್ಲಿ ಒಂದೇ ಸಲ ಬಿಟ್ಟರು. ಹಣ ಬಾಚಿತು. ಆಗಿನಿಂದ ದೊಡ್ಡ ಸಿನಿಮಾಗಳ ದಾರಿ ಬದಲಾಯಿತು. ಈಗ ನಮ್ಮಲ್ಲೂ ಶುಕ್ರವಾರ, ಶನಿವಾರ, ಭಾನುವಾರ. ಮೂರು ದಿನದಲ್ಲಿ ಹಣೆಬರಹ ನಿಶ್ಚಯ. ಬಾಯಿಮಾತು ಹುಟ್ಟುವ ಮೊದಲೇ ಟಿಕೆಟ್ ಮಾರಾಟವಾಗಬೇಕು. ಜನ ನೋಡುವ ಮೊದಲೇ ಅವರಿಗೆ ಸಿನಿಮಾದ ಗುರುತು ಸಿಗಬೇಕು. ನೋಡುವ ಮೊದಲೇ ಗುರುತು ಸಿಗುವುದು ಯಾವುದು? ಮೊದಲೇ ನೋಡಿದ್ದು!

ಅದರ ಮೇಲೆ ಐದು ಭಾಷೆ. ಒಂದೇ ದಿನ ಕನ್ನಡ, ತೆಲುಗು, ತಮಿಳು, ಮಲಯಾಳ, ಹಿಂದಿ. ಹೊಡೆದಾಟಕ್ಕೆ ಅನುವಾದ ಬೇಡ. ಮಾತಿಗೆ ಬೇಕು. ಹಾಸ್ಯಕ್ಕಂತೂ ಬೇಕೇ ಬೇಕು, ಮತ್ತು ಅದು ಕೂರುವುದೇ ಇಲ್ಲ. ಹಾಗಾಗಿ ಖರ್ಚು ಹೆಚ್ಚಾದಷ್ಟೂ ಮಾತು ಕಡಿಮೆ.

ಇದು ನಾನು ಓದಿ ಹೇಳುವುದಲ್ಲ. ನಾನು ಕೆಲವು ವರ್ಷ ಡಬ್ಬಿಂಗ್‌ಗೆ ಸಂಭಾಷಣೆ ಬರೆದವನು. ಆ ಕೆಲಸದಲ್ಲಿ ಅರ್ಥಕ್ಕಿಂತ ದೊಡ್ಡದು ತುಟಿ. ಪ, ಬ, ಮ ಹೇಳುವಾಗ ತುಟಿ ಮುಚ್ಚುತ್ತದೆ. ಮುಖ ಹತ್ತಿರದಿಂದ ತೋರಿಸಿದಾಗ ಪರದೆಯ ತುಟಿ ಮುಚ್ಚಿದರೆ ನಮ್ಮ ಮಾತೂ ಅಲ್ಲಿ ಮುಚ್ಚಬೇಕು. ಇಲ್ಲದಿದ್ದರೆ ಗೊಂಬೆ ಮಾತಾಡಿದ ಹಾಗೆ ಕಾಣುತ್ತದೆ. ಒಂದು ಸಿನಿಮಾದಲ್ಲಿ ಹೀರೋ ಹೊಡೆದಾಟಕ್ಕೆ ಹೋಗುವ ಮೊದಲು ಭಾವನ ಹತ್ತಿರ ಮೀನಿನ ಸಾರಿನ ಬಗ್ಗೆ ಒಂದು ತಮಾಷೆ ಮಾಡುತ್ತಾನೆ. ಬಂದು ಊಟ ಮಾಡುತ್ತೇನೆ, ತೆಗೆದಿಡು ಅಂತ. ಮೂಲದಲ್ಲಿ ಅವರ ಊರಿನ ಮೀನು, ಅವರ ಊರಿನ ಸಾರು. ಮುಖ ಪೂರ್ತಿ ಪರದೆಯ ತುಂಬ. ಮೂರು ಸಲ ತುಟಿ ಮುಚ್ಚುತ್ತದೆ. ಒಂದು ಸಂಜೆ ಇಡೀ ತಲೆ ಕೆಡಿಸಿಕೊಂಡೆ. ಕೊನೆಗೆ ಬಸ್ಸಿನಲ್ಲಿ ಹೊಳೆಯಿತು: ‘ಬಂಗುಡೆ ಪುಳಿಮುಂಚಿ’. ಬ, ಪ, ಮ, ಮೂರೂ ಉಂಟು! ಹೇಳಿಸಿ ನೋಡಿದೆವು, ತುಟಿಗೆ ಅಂಟಿಸಿದ ಹಾಗೆ ಕೂತಿತು. ಧ್ವನಿ ಕೊಟ್ಟವರೂ ನಕ್ಕರು.

ಮರುದಿನ ಮೇಲಿನಿಂದ ಮಾತು ಬಂತು. ಬಂಗುಡೆ ಎಂದರೆ ಆ ಕಡೆಯವರಿಗೆ ಗೊತ್ತಾಗುವುದಿಲ್ಲ, ಮೀನು ಎಂದು ಹಾಕಿ. ಸರಿ, ಮೀನಿನಲ್ಲೂ ಮ ಉಂಟು. ಸಂಜೆ ಇನ್ನೊಂದು ಮಾತು. ಹೀರೋ ಮೀನಿನ ವಿಷಯ ಮಾತಾಡುವುದೇ ಬೇಡ, ಹೊಡೆದಾಟದ ಮೊದಲು ಗತ್ತು ಕಡಿಮೆಯಾಗುತ್ತದೆ. ಭಾವ ಎಂಬ ಮಾತೂ ಬೇಡ, ‘ಬಾಸ್’ ಸಾಕು. ಕೊನೆಗೆ ಅಲ್ಲಿ ಉಳಿದದ್ದು ‘ಬರ್ತೀನಿ, ಬಾಸ್’. ತುಟಿ ಮೂರು ಸಲ ಮುಚ್ಚುವ ಆ ಹೊತ್ತಿಗೆ ಕ್ಯಾಮೆರಾವನ್ನೇ ಅವನ ಬೆನ್ನಿಗೆ ತಿರುಗಿಸಿದ ಇನ್ನೊಂದು ಶಾಟ್ ತಂದು ಅಂಟಿಸಿದರು. ಬೆನ್ನಿಗೆ ತುಟಿ ಇಲ್ಲವಲ್ಲ.

ಬಂಗುಡೆ ಹೋದದ್ದಕ್ಕೆ ಬೇಜಾರಿಲ್ಲ. ನನಗೆ ಬೇಜಾರಾದದ್ದು ಆ ಭಾವನ ವಿಷಯದಲ್ಲಿ. ಮುಂದೆ ಅರ್ಧ ಗಂಟೆಯಲ್ಲಿ ಅವನು ಸಾಯುತ್ತಾನೆ. 75ನೇ ಪುಟ! ಅವನು ಸತ್ತಾಗ ಹೀರೋ ಆಕಾಶ ನೋಡಿ ಕೂಗುತ್ತಾನೆ, ನೂರು ಪಿಟೀಲು ಒಟ್ಟಿಗೆ ಅಳುತ್ತವೆ. ಆದರೆ ಥಿಯೇಟರಿನಲ್ಲಿ ಯಾರ ಕಣ್ಣಲ್ಲೂ ನೀರಿಲ್ಲ. ಎಲ್ಲಿಂದ ಬರಬೇಕು? ತೆಗೆದಿಟ್ಟ ಊಟವನ್ನು ಒಂದು ದಿನ ಮೊದಲೇ ಕತ್ತರಿಸಿ ಬಿಸಾಡಿದ್ದೆವು.

ಇಲ್ಲಿ ಕೆಲವರು ‘ಕಾಂತಾರ’ದ ಹೆಸರು ಹೇಳಲು ಕಾಯುತ್ತಿದ್ದೀರಿ ಎಂದು ಗೊತ್ತು. 2022ರ ಸೆಪ್ಟೆಂಬರ್ 30ಕ್ಕೆ ಅದು ಮೊದಲು ಕನ್ನಡದಲ್ಲಿ ಮಾತ್ರ ಬಂತು. ಬಾಯಿಮಾತು ಹಬ್ಬಿ, ಎರಡು ವಾರದ ನಂತರ ಹಿಂದಿಗೆ, ಆಮೇಲೆ ಮಲಯಾಳಕ್ಕೆ ಹೋಯಿತು. ಊರಿನ ಮಾತು ಊರು ದಾಟುವುದಿಲ್ಲ ಎನ್ನುವವರಿಗೆ ಅದೇ ಉತ್ತರ. ಆದರೆ ದೊಡ್ಡ ದುಡ್ಡು ಅದರಿಂದ ಕಲಿತದ್ದೇನು? ಜನರನ್ನು ಅವರವರ ಮಾತಿನಲ್ಲಿ ಮಾತಾಡಲು ಬಿಡಬೇಕು ಎಂದಲ್ಲ. ಸಿನಿಮಾಕ್ಕೆ ಒಂದು ದೈವ ಹಾಕಬೇಕು ಎಂದು. ಅಲ್ಲಿಗೆ 16ನೇ ಘಟ್ಟ ಸಿಕ್ಕಿತು.

ಇನ್ನೊಂದು ನಮ್ಮ ಜಿಲ್ಲೆಯದ್ದೇ. ಅದೇ ವರ್ಷ ಮಲಯಾಳದಲ್ಲಿ ‘ನ್ನಾ ತಾನ್ ಕೇಸ್ ಕೊಡ್’ ಬಂತು. ಕಥೆ ನಡೆಯುವುದು ಕಾಸರಗೋಡಿನ ತೆಂಕು ಭಾಗದಲ್ಲಿ. ಕಳ್ಳತನ ಬಿಟ್ಟ ಒಬ್ಬನಿಗೆ ಶಾಸಕರ ಮನೆಯ ನಾಯಿ ಕಚ್ಚುತ್ತದೆ. ಕದಿಯಲು ಹೋದದ್ದಲ್ಲ, ರಸ್ತೆಯ ಹೊಂಡ ತಪ್ಪಿಸಲು ಆಟೋ ತಿರುಗಿತು, ಆಟೋ ತಪ್ಪಿಸಲು ನಾನು ಗೋಡೆ ಹಾರಿದೆ ಎಂದು ಅವನ ವಾದ. ಹಾಗಾದರೆ ತಪ್ಪು ಯಾರದ್ದು? ಹೊಂಡದ್ದು. ಹೊಂಡ ಯಾರದ್ದು? ಮಂತ್ರಿಯದ್ದು! ಕೋರ್ಟಿನ ಸಿನಿಮಾಕ್ಕಿಂತ ಹಳೆಯ ಅಚ್ಚು ಯಾವುದುಂಟು? ಕಟಕಟೆ, ಸಾಕ್ಷಿ, ವಾದ, ತೀರ್ಪು. ಆದರೆ ಸಾಕ್ಷಿ ಹೇಳಲು ಬಂದ ಒಬ್ಬೊಬ್ಬನ ಬಾಯಲ್ಲೂ ಈ ಜಿಲ್ಲೆಯ ಮಲಯಾಳ. ತಿರುವನಂತಪುರದವರು ಕಿವಿ ನಿಮಿರಿಸಿ ಕೇಳಬೇಕಾದ ಮಲಯಾಳ. ನನಗೆ ಚಾಪೆಯ ಮೇಲಿನ ವಾಲಿ ನೆನಪಾದ.

ಮನೆಯಲ್ಲಿ ಕನ್ನಡ, ಅಂಗಳದಲ್ಲಿ ತುಳು, ಬಸ್ಸಿನಲ್ಲಿ ಮಲಯಾಳ ಮಾತಾಡುವವರು ನಾವು. 1956ರಲ್ಲಿ ರಾಜ್ಯ ಹಂಚಿ ಕಾಸರಗೋಡು ಕೇರಳಕ್ಕೆ ಹೋದ ಮೇಲೆ ಒಂದು ಕಚೇರಿಗೆ ಹೋಗಿ ಬರುವುದರೊಳಗೆ ನಾಲ್ಕು ಸಲ ಮಾತು ಬದಲಾಯಿಸಿ ಅಭ್ಯಾಸವಾದವರು. ಯಾವ ಊರಿನದ್ದೂ ಅಲ್ಲದ ಮಾತು ನಮ್ಮ ಕಿವಿಗೆ ಬೇಗ ಗೊತ್ತಾಗುತ್ತದೆ. ಸುಮ್ನೆ ಹೆಮ್ಮೆಗೆ ಹೇಳುತ್ತಿಲ್ಲ, ಇದು ನಮ್ಮ ಕಷ್ಟದಿಂದ ಬಂದ ಕಿವಿ.

ಆದರೆ ಮನೆಯ ಹುಳುಕನ್ನೂ ಹೇಳಬೇಕು. ಕಾಲಮಿತಿ ಯಕ್ಷಗಾನ ಬಂದ ಮೇಲೆ ನಾವು ಕತ್ತರಿಸಿದ್ದು ಯಾವುದನ್ನು? ಜನರಿಗೆ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕು, ನಡುರಾತ್ರಿಯೊಳಗೆ ಮುಗಿಯಬೇಕು, ಒಪ್ಪುತ್ತೇನೆ. ಆದರೆ ಕತ್ತರಿ ಬಿದ್ದದ್ದು ಅರ್ಥಕ್ಕೆ. ಗಿರಕಿ ಉಳಿಯಿತು, ಇನ್ನೂ ಜಾಸ್ತಿಯಾಯಿತು. ಎಷ್ಟು ಗಿರಕಿ ಹೊಡೆದ ಎಂದು ಎಣಿಸಿ ಶಿಳ್ಳೆ ಹಾಕುತ್ತೇವೆ. ಫೋನಿನಲ್ಲಿ ಓಡಾಡುವ ತುಣುಕುಗಳಲ್ಲೂ ಅದೇ. ಸಿನಿಮಾದವರು ಕೋಟಿಗಟ್ಟಲೆ ಸುರಿದು ಮಾಡಿದ್ದನ್ನು ನಾವು ರಶೀದಿ ಪುಸ್ತಕದ ವಂತಿಗೆಯಲ್ಲಿ ಮಾಡಿದ್ದೇವೆ.

(ಇಲ್ಲಿಗೆ ಮಾತು ನಿಲ್ಲಿಸಿದೆ. ಚಹಾ ಬಂತು. ಆಮೇಲೆ ಪ್ರಶ್ನೆಗಳು.)

ಒಬ್ಬ ಯುವಕ ಕೇಳಿದ: ‘ಸರ್, ವಾರ ಇಡೀ ದುಡಿದು ಹೋಗುವವನು ಶಿಳ್ಳೆ ಹೊಡೆಯಲು ಹೋಗುತ್ತಾನೆ. ಅವನಿಗೆ ಯಾಕೆ ಅರ್ಥ?’ ಅವನ ಮಾತಿನಲ್ಲಿ ಹುರುಳಿದೆ. ನಾನೂ ಶಿಳ್ಳೆ ಹೊಡೆದವನೇ. ಮಹಿಷ ಬಂದಾಗ ಹೊಡೆಯುತ್ತೇವೆ. ಆದರೆ ಮಹಿಷ ಬಂದು ನಿಂತ ಮೇಲೆ ಮಾತಾಡುತ್ತಾನೆ. ಮೂರು ಗಂಟೆ ಬರೀ ಬರುತ್ತಲೇ ಇದ್ದರೆ ಶಿಳ್ಳೆ ಹೊಡೆಯುವವನ ಬಾಯಿಯೂ ನೋಯುತ್ತದೆ ಎಂದೆ. ಅವನು ನಕ್ಕ. ಒಪ್ಪಿದ ಹಾಗೆ ಕಾಣಲಿಲ್ಲ.

ಹಿಂದಿನ ಸಾಲಿನಲ್ಲಿ ಕೂತಿದ್ದ ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತಳು. ‘ಸರ್, ನೀವು ಅರ್ಥ ಅರ್ಥ ಎನ್ನುತ್ತೀರಿ. ತಾಳಮದ್ದಳೆಯಲ್ಲಿ ಅರ್ಧದಷ್ಟು ನನಗೆ ಅರ್ಥವೇ ಆಗುವುದಿಲ್ಲ. ಒಂದರ ಮೇಲೆ ಒಂದು ಶ್ಲೋಕ. ಒಬ್ಬರು ಹೇಳಿದ ಪಾಯಿಂಟನ್ನೇ ಮುಂದಿನ ವಾರ ಇನ್ನೊಬ್ಬರು ಹೇಳುತ್ತಾರೆ. ಅದು ಅಚ್ಚು ಅಲ್ವಾ?’

ಸಭೆಯಲ್ಲಿ ಇಬ್ಬರು ಅರ್ಥಧಾರಿಗಳಿದ್ದರು. ಅವರು ಫ್ಯಾನಿನ ಕಡೆ ನೋಡಿದರು. ನಾನು ನೀರು ಕುಡಿದೆ. ಆಮೇಲೆ ಹೇಳಿದೆ, ಹೌದು ಮಗಾ, ಅದೂ ಅಚ್ಚೇ. ಮುಂದಿನ ಸಲ ಎದುರಿನ ಸಾಲಿನಲ್ಲೇ ಕೂರು. ಅರ್ಥವಾಗದ ಮಾತು ಬಂದರೆ ಕೈ ಎತ್ತು.

‘ಎತ್ತಿದರೆ ನಿಲ್ಲಿಸುತ್ತಾರಾ?’ ಎಂದು ಕೇಳಿದಳು. ಅದನ್ನು ಅವಳು ನನ್ನನ್ನು ನೋಡಿ ಕೇಳಲಿಲ್ಲ.